ಜಗಲಿಯ ಮೇಲೆ ಮಲಗಿದ ಫೋನುಗಳು

ಪುಟ್ಯಾ, ಚಿನ್ನವ್ವಾ,

ನಿಮ್ಮ ಅವ್ವ ಏನು ಕೆಲಸ ಮಾಡುತ್ತಾಳೆಂದು ಓಣಿಯವರು ಕೇಳಿದರೆ ನೀವಿಬ್ಬರೂ ಅಜ್ಜಿಯಾದ ನನ್ನ ಕಡೆ ಬೆರಳು ತೋರಿಸಿ ಓಡುತ್ತೀರಿ. ನನಗೋ ನಾಲ್ಕು ಮಂದಿಯ ಮುಂದೆ ಬಾಯಿ ಬರುವುದಿಲ್ಲ. ಅದಕ್ಕೆ ಬರೆದಿಡುತ್ತಿದ್ದೇನೆ. ಹಳ್ಳಿಯ ಸಾಲಿಯಲ್ಲಿ ಕಲಿತ ಅಕ್ಷರ, ಸೊಟ್ಟಗಿದ್ದರೆ ನಗಬೇಡಿ.

ನಿಮ್ಮ ಅವ್ವ ಫೋನು ಕಾಯುತ್ತಾಳೆ. ಬೀಜದ ಕಂಪನಿಯವರು ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಹೊಲ ನೋಡುವ ತಮ್ಮ ಜನರಿಗೆಲ್ಲ ಒಂದೊಂದು ಫೋನು ಕೊಟ್ಟಿದ್ದಾರೆ. ಅವುಗಳಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಇವಳು ನಮ್ಮ ಹಾನಗಲ್ಲಿನ ಮನೆಯ ಪಡಸಾಲೆಯಲ್ಲಿ ಕುಳಿತು ಲ್ಯಾಪ್‌ಟಾಪಿನಿಂದಲೇ ನಡೆಸುತ್ತಾಳೆ. ತಡಸದಲ್ಲಿ ಒಬ್ಬ ಆ ಫೋನಿಗೆ ಇಸ್ಪೀಟಾಟ ಹಾಕಿಕೊಂಡರೆ ಇಲ್ಲಿಂದಲೇ ಕಿತ್ತುಹಾಕುತ್ತಾಳೆ. ತಡಸದ ಫೋನು ಎಲ್ಲಿದೆಯೆಂದು ಅವಳಿಗೆ ಗೊತ್ತು. ತನ್ನ ಕನ್ನಡಕ ಎಲ್ಲಿದೆಯೆಂದು ಮಾತ್ರ ನನ್ನನ್ನು ಕೇಳುತ್ತಾಳೆ.

ಒಮ್ಮೆ ಸವಣೂರಿನ ಸಂತೆಯಲ್ಲಿ ಒಂದು ಫೋನು ಕಳೆಯಿತು. ಅದರಲ್ಲಿದ್ದ ರೈತರ ಮಾಹಿತಿ ಯಾರ ಕೈ ಸೇರಿತೋ ಎಂದು ಮೇಲಿನವರು ಗದರಿದರು. ಆಮೇಲೆ ನಿಮ್ಮ ಅವ್ವ ಒಂದು ಬಿಗಿ ನಿಯಮ ಹಾಕಿದಳು. ಇಡೀ ದಿನ ಸುದ್ದಿ ಇಲ್ಲದ ಫೋನು ಕಳೆದುಹೋದದ್ದೇ ಸರಿ. ಅದನ್ನು ಮತ್ತೆ ಚಾಲೂ ಮಾಡಿದ ಕೂಡಲೇ ಒಳಗಿದ್ದದ್ದೆಲ್ಲ ತಾನಾಗಿ ಅಳಿಸಿಹೋಗಬೇಕು. ಬಲು ಜಾಣ ನಿಯಮ. ಅದಕ್ಕೆ ಪಂಚಾಂಗವೊಂದು ಗೊತ್ತಿರಲಿಲ್ಲ.

ದಸರೆಯ ಖಂಡೇ ಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಕೆಲಸದ ಸಾಮಾನನ್ನು ದೇವರ ಜಗಲಿಯ ಮೇಲಿಟ್ಟರೆ, ಮರುದಿನ ಪೂಜೆ ಮಾಡಿ ಕದಲಿಸುವವರೆಗೆ ನಾವು ಮುಟ್ಟುವುದಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಅದರ ವಿಶ್ರಾಂತಿ. ಕುಡಗೋಲು, ಕುಂಟೆಯ ಕುಡ, ನಿಮ್ಮ ಅಜ್ಜನ ತಕ್ಕಡಿ, ಇವುಗಳ ನಡುವೆ ನಿಮ್ಮ ಅವ್ವ ತನ್ನ ಲ್ಯಾಪ್‌ಟಾಪನ್ನೂ ಇಟ್ಟು, ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿದಳು. ಮದುಮಗಳಂತೆ ಕಾಣುತ್ತಿತ್ತು.

ಮಧ್ಯಾಹ್ನ ಹೋಳಿಗೆ ಉಂಡು ಕುಳಿತಾಗ, ತಿಳವಳ್ಳಿ ಕಡೆ ಹತ್ತಿ ಬೀಜದ ಹೊಲ ನೋಡುವ ಹೆಣ್ಣುಮಗಳು ಹಬ್ಬದ ಮಾತಿಗೆಂದು ಗಂಡನ ಫೋನಿನಿಂದ ಕರೆ ಮಾಡಿದಳು.

“ಅಕ್ಕಾರ, ಕಂಪನಿ ಫೋನ್ ಬಂದ್ ಮಾಡಿ ಜಗಲಿ ಮ್ಯಾಲ ಇಟ್ಟೇನ್ರಿ. ಮುಂಜಾನಿಂದ ಆರಾಮ ಮಲಗೇತಿ.”

“ಬಂದ್ ಯಾಕ ಮಾಡಿದಿ?” ಎಂದಳು ನಿಮ್ಮ ಅವ್ವ.

“ಮಲಗಿದವರನ್ನ ಒದರಸ್ತಾರೇನ್ರಿ? ಎಲ್ಲಾರೂ ಹಂಗ ಮಾಡ್ಯಾರ. ಹಿರೇಕೆರೂರಾಕಿ ಹೂವಿನ ಮಾಲಿನೂ ಹಾಕ್ಯಾಳಂತ.”

“ಹೊಲದ ಫೋಟೊ ಎಲ್ಲಾ ಕಳಿಸೀಯಿಲ್ಲೋ?”

“ಫೋಟೊ ಹೋಗೋವಷ್ಟು ನೆಟ್‌ವರ್ಕ್ ಎಲ್ಲೈತ್ರಿ? ವಾರದ್ದೆಲ್ಲಾ ಒಳಗ ಅದಾವ.”

ನಿಮ್ಮ ಅವ್ವನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಆ ಹುಡುಗಿ ತೆಗೆದದ್ದು ಹೂವಿನ ಫೋಟೊಗಳು. ಹೂವು ಉದುರಿದ ಮೇಲೆ ಯಾರೂ ಮತ್ತೆ ತೆಗೆಯಲಾರರು, ಫೋಟೊ ಇಲ್ಲದೆ ಕಂಪನಿ ಆ ಹೊಲದ ಬೀಜ ಒಪ್ಪುವುದಿಲ್ಲ. ಮರುದಿನ ಫೋನು ಎದ್ದು ಕಣ್ಣು ಬಿಟ್ಟರೆ ಎಲ್ಲ ಹೋಯಿತು. ಅವಳಿಗೇನೋ ಫೋನು ಚಾಲೂ ಮಾಡಬೇಡವೆಂದು ಹೇಳಬಹುದು. ಉಳಿದವರ ಮನೆಯ ನಂಬರು ಇವಳ ಬಳಿ ಇರಲಿಲ್ಲ. ನಿಯಮ ತೆಗೆಯಬೇಕಾದರೆ ಲ್ಯಾಪ್‌ಟಾಪೇ ಬೇಕು. ಅದು ಸೇವಂತಿಗೆ ಮುಡಿದು ಕುಳಿತಿತ್ತು.

“ನಿನ್ನ ನಿಯಮಕ್ಕ ಹಬ್ಬ ಹುಣ್ಣಿವಿ ಏನೂ ಇಲ್ಲೇನವ್ವಾ?” ಎಂದೆ.

“ಅತ್ತಿ, ಆಮ್ಯಾಲ ನಗೀರಂತ. ಮೊದಲ ಅದನ್ನ ಕದಲಸ್ರಿ.”

“ನಾನೇನ? ನಿನ್ನ ಗಂಡ ಬರ್ಲಿ.”

“ಅವರು ಅಂಗಡಿ ಪೂಜಿ ಮುಗಿಸಿ ಯಾವಾಗ ಬರ್ತಾರೋ. ಮನಿಗೆ ಹಿರೇರು ನೀವು.”

ನಿಮ್ಮ ಅಜ್ಜ ಹೋದ ಮೇಲೆ ಹಬ್ಬದ ದಿನ ಪೂಜೆಗೆಂದು ನಾನು ಅಡುಗೆಮನೆಯ ಬಾಗಿಲು ದಾಟಿದವಳಲ್ಲ. ಬೇಡವೆಂದು ಯಾರೂ ಅಂದಿರಲಿಲ್ಲ. ನಾನೇ ಹಿಂದೆ ಸರಿದಿದ್ದೆ. ಇವಳು ಅಕ್ಷತೆಯ ತಟ್ಟೆ ನನ್ನ ಕೈಗೆ ತುರುಕಿ, ನಾನು ಹೆಜ್ಜೆ ಇಡುವವರೆಗೂ ಹಿಂದೆಯೇ ನಿಂತಳು. ಹೋದೆ. ಅಕ್ಷತೆ ಹಾಕಿ, ಹೋಳಿಗೆ ತೋರಿಸಿದೆ. “ಯಪ್ಪಾ, ಇದೊಂದಕ್ಕ ಸೂಟಿ ಕಡಿಮಿ ಆತು. ಸಿಟ್ಟಾಗಬ್ಯಾಡ” ಎಂದು ಲ್ಯಾಪ್‌ಟಾಪನ್ನು ಹೆಬ್ಬೆರಳಿನಷ್ಟು ಸರಿಸಿದೆ.

ಅವಳು ಹೂವನ್ನೂ ತೆಗೆಯದೆ ಜಗಲಿಯ ಮುಂದೆಯೇ ಕುಳಿತು ಕುಟ್ಟಿದಳು. ಬೆರಳ ತುದಿಯೆಲ್ಲ ಕುಂಕುಮ. ಕೊನೆಗೆ, “ಆತು. ಈಗ ಯಾವುದೂ ಅಳಿಸೂದಿಲ್ಲ” ಎಂದು ಉಸಿರು ಬಿಟ್ಟಳು. “ಮತ್ತ ಜಗಲಿ ಮ್ಯಾಲ ಇಡ್ಲೇನ್ರಿ?”

“ಇಡು. ಅದರದರ ನಿದ್ದಿ ಆಗ್ಲಿ.”

ಮರುದಿನ ನಾಲ್ಕೂ ಕಡೆಯ ಫೋನುಗಳು ಒಂದೊಂದಾಗಿ ಎದ್ದವು. ತಿಳವಳ್ಳಿಯವಳ ಹೂವುಗಳೆಲ್ಲ ಹಾಗೆಯೇ ಇದ್ದವು. ಆಮೇಲೆ ಅವಳು ತೆಗೆದವು ಮಾತ್ರ ಕೆಂಪಗೆ ಬಂದವು. ಕ್ಯಾಮೆರಾದ ಕಣ್ಣಿಗೇ ಕುಂಕುಮ ಹಚ್ಚಿದ್ದಳು. “ಅಲ್ಲಿಂದ ಬಣ್ಣ ಏನರ ಬದಲಿಸೀರೇನ್ರಿ ಅಕ್ಕಾರ?” ಎಂದು ಇವಳನ್ನೇ ಕೇಳಿದಳು.

ಈಗ ಆ ನಿಯಮಕ್ಕೂ ಖಂಡೇ ಪೂಜೆಗೆ ರಜೆ ಇದೆ. ನಮ್ಮ ಮನೆಯಲ್ಲಿ ಕದಲಿಸುವ ಕೆಲಸ ನನ್ನದಾಗಿದೆ. ನಾನು ಬಾಗಿಲಲ್ಲಿ ನಿಂತರೆ ನಿಮ್ಮ ಅವ್ವ ಬಿಡುವುದಿಲ್ಲ.

ಈ ಹಾಳೆಗಳನ್ನು ಅವಳ ಯಂತ್ರದೊಳಗೆ ಹಾಕಬೇಡಿ, ಒಂದು ದಿನ ಸುದ್ದಿ ಇಲ್ಲವೆಂದು ಅಳಿಸಿಯಾಳು. ಅಜ್ಜನ ತಕ್ಕಡಿಯ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ. ಹಬ್ಬಕ್ಕೆ ಜಗಲಿಯ ಮೇಲೆ ಇಟ್ಟರೂ ಆದೀತು. ಕುಂಕುಮ ಮಾತ್ರ ಅಂಚಿಗೆ ಹಚ್ಚಿರಿ.