ಗೌರಿಯ ಗಿಣ್ಣು, ಫ್ರೆಂಚರ ಊತಿ

ಮೊಟ್ಟೆ ಮುಟ್ಟದೆ ನಾನು ಪದವೀಧರೆಯಾಗುವುದು ಸಾಧ್ಯವೇ ಇಲ್ಲ ಎಂದದ್ದು ನಮ್ಮ ಕಾಲೇಜು. ಮೊಟ್ಟೆ ಮುಟ್ಟಿದ ಮೇಲೆ ತಮ್ಮ ಅಡುಗೆಮನೆಗೆ ಕಾಲಿಡುವುದು ಸಾಧ್ಯವಿಲ್ಲ ಎಂದವರು ನಮ್ಮ ದೊಡ್ಡಪ್ಪ. ತರೀಕೆರೆಯ ನಮ್ಮದು ಲಿಂಗ ಕಟ್ಟಿದ ಮನೆ, ಒಟ್ಟು ಕುಟುಂಬ, ಒಂದೇ ಒಲೆ. ಅವರ ಅಡುಗೆಮನೆಯೇ ನನ್ನದೂ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮಲ್ಲಿ ಯಾರೂ ಹೈಸ್ಕೂಲು ದಾಟಿರಲಿಲ್ಲ. ನಾನು ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಗೃಹವಿಜ್ಞಾನ ಓದುತ್ತಿದ್ದೆ. "ಅಡ್ಗೆ ಕಲಿಯೋಕೆ ಕಾಲೇಜ್ ಯಾಕೇ? ನಿಮ್ಮವ್ವ ಯಾವ ಕಾಲೇಜಿಗೆ ಹೋಗಿದ್ಲು?" ಎಂದು ದೊಡ್ಡಪ್ಪ ಕೇಳಿದರೆ, ಅವ್ವ ಒಲೆಯ ಮುಂದಿನಿಂದಲೇ, "ಹೋಗಿಲ್ದಿದ್ದಕ್ಕೇ ಅಲ್ವಾ ಭಾವ, ನನ್ ಸಾರ್ನ ನೀವು ದಿನಾ ಬಯ್ಯೋದು" ಎನ್ನುತ್ತಿದ್ದಳು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಹೊರದೇಶದ ಸಿಹಿಗಳನ್ನು ಚೀಟಿ ಎತ್ತಿ ಹಂಚಿದರು. ನನಗೆ ಬಂದದ್ದು ಕ್ಲಫೂತಿ. ಚೆರ್ರಿ ಹಣ್ಣಿನ ಮೇಲೆ ಹಾಲು, ಸಕ್ಕರೆ, ಸ್ವಲ್ಪ ಮೈದಾ, ಮೊಟ್ಟೆ ಕಲಸಿ ಹುಯ್ದು, ಓವನ್ನಿನಲ್ಲಿಟ್ಟು ಗಟ್ಟಿಯಾಗಿಸುವ ಫ್ರೆಂಚರ ಸಿಹಿ. ಮನೆಯಲ್ಲಿ ಹೆಸರು ಹೇಳಿದೆ. ದೊಡ್ಡಪ್ಪ, "ಏನೂತ? ಕಾಲೂತಾನಾ?" ಎಂದರು. ಅಂದಿನಿಂದ ಮನೆಯಲ್ಲಿ ಅದರ ಹೆಸರು ಊತಿ. ಊತವಂತೂ ನಿಜ. ಅದು ಓವನ್ನಿನಲ್ಲಿರುವಾಗ ಉಬ್ಬಿ ಮೆರೆಯುತ್ತದೆ, ಮೇಜಿಗೆ ಬಂದ ಕೂಡಲೇ ಇಳಿದು ಕೂರುತ್ತದೆ. ಮನೆತನದಲ್ಲಿ ಮೊದಲು ಕಾಲೇಜಿಗೆ ಹೋದವರಿಗೆ ಈ ತಿಂಡಿಯ ಮೇಲೆ ವಿಶೇಷ ಸಲಿಗೆ ಇರಬೇಕು. ನಾನೂ ಶಿವಮೊಗ್ಗದಲ್ಲಿ ಉಬ್ಬಿ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದವಳೇ.

ಚೆರ್ರಿಯ ಚಿಂತೆ ಇರಲಿಲ್ಲ. ಪರೀಕ್ಷೆ ಮುಂದಕ್ಕೆ ಹೋಗಿ ಜೂನಿಗೆ ಬಿದ್ದಿತ್ತು, ಲಿಂಗದಹಳ್ಳಿ ಕಡೆಯ ನೇರಳೆ ಬುಟ್ಟಿಗಟ್ಟಲೆ ಬರುತ್ತಿತ್ತು. ಆಯಾ ಕಾಲದ ಹಣ್ಣು ಹಾಕಬಹುದೆಂದು ಪಾಠದಲ್ಲೇ ಇತ್ತು. ಚಿಂತೆಯೆಲ್ಲ ಮೊಟ್ಟೆಯದು.

ಉಪಾಯ ಹೊಳೆದದ್ದು ಅವ್ವನಿಗೆ. "ಹಾಲು ಗಟ್ಟಿ ಆಗೋಕೆ ಮೊಟ್ಟೆ ಯಾಕೆ? ಗಿಣ್ಣಾಲು ಹಾಕು." ಯೋಚಿಸಿದಷ್ಟೂ ಇದು ದೊಡ್ಡ ಮಾತೆನಿಸಿತು. ಫ್ರೆಂಚರ ಹಾಲು ಗಟ್ಟಿಯಾಗಲು ಕೋಳಿಯ ಕಾಲು ಹಿಡಿಯಬೇಕು. ನಮ್ಮ ಕಡೆ ಹೊಸದಾಗಿ ಕರು ಹಾಕಿದ ಹಸುವಿನ ಹಾಲಿಗೆ ಯಾರ ಹಂಗೂ ಇಲ್ಲ. ಉಗಿ ತಾಕಿದರೆ ಸಾಕು, ತಾನೇ ಕಟ್ಟಿಕೊಳ್ಳುತ್ತದೆ. ಕಾಲೇಜಿನಲ್ಲಿ ಕೇಳಿದಾಗ ನಮ್ಮ ಮೇಡಂ, "ಮಾಡು. ಗಟ್ಟಿಯಾಗದಿದ್ದರೆ ಮಾತ್ರ ಫೇಲು" ಎಂದರು.

ಹೀಗೆ ನನ್ನ ಪದವಿ ಗೌರಿ ಎಂಬ ಹಸುವಿನ ಹೊಟ್ಟೆ ಸೇರಿತು. ಗೌರಿ ತುಂಬು ಗಬ್ಬ. ಇವತ್ತು, ನಾಳೆ ಎನ್ನುವಂತಿದ್ದಳು. ಉಳಿದ ಹುಡುಗಿಯರು ಪುಸ್ತಕ ಓದುತ್ತಿದ್ದರೆ ನಾನು ಕೊಟ್ಟಿಗೆಯಲ್ಲಿ ಗೌರಿಯ ಮುಖ ಓದುತ್ತಿದ್ದೆ. ಅವಳು ನನ್ನ ಮುಖ ನೋಡುತ್ತಾ ನಿಧಾನವಾಗಿ ಮೆಲುಕು ಹಾಕುತ್ತಿದ್ದಳು. "ಹಸೂಗೆ ನಿಮ್ಮ ಟೈಂಟೇಬಲ್ ಗೊತ್ತಿಲ್ಲ ಕಣೇ" ಎಂದು ದೊಡ್ಡಪ್ಪ ನಕ್ಕರು.

ಪರೀಕ್ಷೆಯ ಬೆಳಿಗ್ಗೆ ನಾನು ಮನೆ ಬಿಡುವವರೆಗೂ ಕರು ಬರಲಿಲ್ಲ. ನೇರಳೆ ಹಣ್ಣಿನ ಚೀಲ ಹಿಡಿದು ಬಸ್ಸು ಹತ್ತಿ ಕೂತೆ. ಮೊಟ್ಟೆ ಒಡೆಯುವುದೆಂದು ನಿರ್ಧರಿಸಿಯಾಗಿತ್ತು. ಸುಳ್ಳು ಹೇಳುವವಳಲ್ಲ, ಸಂಜೆ ಮನೆಗೆ ಬಂದು ಹೇಳುತ್ತೇನೆ, ಆಮೇಲೆ ಜಗಲಿಯಲ್ಲೇ ಊಟ. ಅವ್ವ ತಟ್ಟೆ ತಂದು ಹೊರಗಿಡುವುದು ಕಣ್ಣಿಗೆ ಕಟ್ಟಿತು.

ಒಂದು ಗಂಟೆ ತಡವಾಗಿ ಬಸ್ಸು ಹೊರಡುವಾಗ ಕಂಡಕ್ಟರ್ ಸೀಟಿ ಊದಿದ, ಮತ್ತೆ ಊದಿ ನಿಲ್ಲಿಸಿದ. ಕೆಸರು ಮೆತ್ತಿದ ಪಂಚೆ ಎತ್ತಿ ಕಟ್ಟಿಕೊಂಡು, ಕ್ಯಾನು ಹಿಡಿದು ದೊಡ್ಡಪ್ಪ ಓಡಿ ಬರುತ್ತಿದ್ದರು.

"ಏನ್ ಯಜಮಾನ್ರೇ, ಹಾಲಿಗೂ ಟಿಕೆಟ್ ತಗೋತೀರಾ?"

"ಪರೀಕ್ಷೆ ಬರೆಯೋದೇ ಈ ಹಾಲು ಕಣಯ್ಯ, ಸುಮ್ನಿರು" ಎಂದ ದೊಡ್ಡಪ್ಪ ಕ್ಯಾನನ್ನು ಕಿಟಕಿಯಿಂದ ತೂರಿಸಿದರು. "ಹೆಣ್ಗರು. ಅದು ಕುಡಿದು ಮಿಕ್ಕಿದ್ದು ತಂದಿದೀನಿ. ಫೇಲಾಗ್ ಬಂದ್ರೆ ಗೌರಿ ಮಾನ ಹೋಗುತ್ತೆ, ನೋಡ್ಕೊ."

ನನ್ನ ಊತಿ ಫ್ರೆಂಚರದ್ದಷ್ಟು ಉಬ್ಬಲಿಲ್ಲ. ಉಬ್ಬದೇ ಇದ್ದುದರಿಂದ ಇಳಿಯುವ ಗೋಳೂ ಇರಲಿಲ್ಲ. ನೇರಳೆ ಬಣ್ಣ ಬಿಟ್ಟು ಅಲ್ಲಲ್ಲಿ ಶಾಯಿ ಚೆಲ್ಲಿದ ಹಾಗಿತ್ತು. ಆದರೆ ಚಾಕು ಹಾಕಿದರೆ ಚಾಕು ಶುದ್ಧವಾಗಿ ಹೊರಬಂತು. ಹೊರಗಿನಿಂದ ಬಂದ ಪರೀಕ್ಷಕಿ ಒಂದು ಚಮಚ ಬಾಯಿಗಿಟ್ಟು, ಕಟುಕ್ಕೆಂದು ಬೀಜ ಕಡಿದು, "ಇದನ್ನು ಯಾಕೆ ತೆಗೆದಿಲ್ಲ?" ಎಂದರು. "ಫ್ರೆಂಚರೂ ಚೆರ್ರಿ ಬೀಜ ತೆಗೆಯುವುದಿಲ್ಲ ಮೇಡಂ, ರುಚಿ ಇರುವುದೇ ಬೀಜದಲ್ಲಿ ಅಂತಾರೆ" ಎಂದೆ. ಪಾಠದಲ್ಲಿ ಓದಿದ್ದು ಒಂದಾದರೂ ಉಪಯೋಗಕ್ಕೆ ಬಂತು. ಅವರು ಇನ್ನೊಂದು ಚಮಚ ತೆಗೆದುಕೊಂಡರು, ಈ ಸಲ ಎಚ್ಚರಿಕೆಯಿಂದ.

ಗಿಣ್ಣುಹಾಲನ್ನು ನಮ್ಮಲ್ಲಿ ಮಾರುವುದಿಲ್ಲ, ಕೊಡುತ್ತಾರೆ. ಪಡೆದವರು ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವಂತಿಲ್ಲ. ಅಕ್ಕಿಯೋ ಬೆಲ್ಲವೋ ಹಾಕಿ ಕೊಡಬೇಕು. ಪರೀಕ್ಷೆ ಮುಗಿದ ಮಾರನೆಯ ದಿನದಿಂದಲೇ ದೊಡ್ಡಪ್ಪ, "ಎಲ್ಲೇ ನನ್ ಕ್ಯಾನು?" ಎಂದು ಶುರುಮಾಡಿದರು. ನಾನು ಕೊಡಲಿಲ್ಲ. ತಿಂಗಳುಗಳು ಕಳೆದು ಪದವಿಯ ಕಾಗದ ಕೈಗೆ ಬಂದ ದಿನ, ಕ್ಯಾನು ತೊಳೆದು, ಒರೆಸಿ, ಬಿಸಿಲಿಗಿಟ್ಟು, ಕಾಗದವನ್ನು ಸುರುಳಿ ಸುತ್ತಿ ಒಳಗಿಟ್ಟು ಅವರ ಕೈಗೆ ಕೊಟ್ಟೆ.

ಅವರು ಮುಚ್ಚಳ ತೆಗೆದರು. ಬಗ್ಗಿ ನೋಡಿದರು. ಕೈಯನ್ನು ಪಂಚೆಗೆ ಒರೆಸಿಕೊಂಡು ಕಾಗದ ಬಿಡಿಸಿದರು. ಇಂಗ್ಲಿಷು ಅವರಿಗೆ ಬಾರದು. ನಾನೇ ಓದಿ ಹೇಳಿದೆ.

"ಯಾರ್ ಹೆಸ್ರು ಬರ್ದವ್ರೆ?"

"ನಂದು, ದೊಡ್ಡಪ್ಪ."

"ಗೌರೀದು?"

"ಇಲ್ಲ."

"ಅನ್ಯಾಯ ಕಣವ್ವಾ" ಎಂದರು. ಆಮೇಲೆ ಕಾಗದವನ್ನು ಮತ್ತೆ ನನ್ನ ಕೈಗಿಟ್ಟು, ಜಗಲಿಯ ಮೇಲೆ ಚಕ್ಕಂಬಟ್ಟಲು ಹಾಕಿ ಕೂತರು. "ಇರ್ಲಿ ಬಿಡು, ಅದಕ್ಕೆ ಹೆಂಗಿದ್ರೂ ಓದಕ್ಕೆ ಬರಲ್ಲ. ಎಲ್ಲಿ, ನಿನ್ ಹೆಸ್ರು ಇರೋದನ್ನ ಇನ್ನೊಂದ್ಸಲ ಓದು."