ಮರೆಯಾಗಿದ್ದ ಮೂರನೇ ಕಾಲಂ

ವಿಶ್ವವಿದ್ಯಾಲಯದ ಶ್ರವಣ ವಿಭಾಗದಲ್ಲಿ ಹದಿನೆಂಟು ವರ್ಷಗಳಿಂದ ದತ್ತಾಂಶ ನೋಡಿಕೊಳ್ಳುತ್ತಿದ್ದ ಆಕೆ ಚಹಾ ಕುಡಿಯಲು ಎದ್ದರೂ ಮೇಜಿಗೆ ಬೀಗ ಹಾಕುವವಳು. ಹಾಗಾಗಿ ಎಲ್ಲರಿಗೂ ‘ಬೀಗದಕ್ಕ’. ಕಿವಿಯ ಯಂತ್ರ ತಯಾರಿಸುವ ಕಂಪನಿಯೊಂದರ ಜೊತೆಗಿನ ಸಂಶೋಧನೆಯಲ್ಲಿ ಮುನ್ನೂರ ಹನ್ನೆರಡು ಹಿರಿಯರ ಪರೀಕ್ಷೆಯ ಅಂಕಿಗಳು ಬರೀ ಕ್ರಮಸಂಖ್ಯೆಯ ಜೊತೆ ಅತ್ತ ಹೋಗಬೇಕು, ಹೆಸರುಗಳು ಇಲ್ಲೇ ಉಳಿಯಬೇಕು ಎಂಬುದು ಒಪ್ಪಂದ. ಹಿರಿಯರಿಗೆ ಆ ಮಾತು ಕೊಟ್ಟವಳು ಅವಳೇ.

ಕಂಪನಿಯಲ್ಲಿ ಕಡತ ಸ್ವೀಕರಿಸುವ ಅಧಿಕಾರಿಗೆ ಅವಳಿಟ್ಟ ಹೆಸರು ಕೊಕ್ಕೆರಾಯ. ಪ್ರತಿ ಕಡತವನ್ನೂ ಬೇರೆಯದೇ ಕಂಪ್ಯೂಟರಿನಲ್ಲಿ ತಾನು ಮೊದಲು ತೆರೆದು ನೋಡದೆ ಆತ ಎಂಜಿನಿಯರುಗಳಿಗೆ ಬಿಡುತ್ತಿರಲಿಲ್ಲ. “ಕಡತಕ್ಕೂ ಜ್ವರ ನೋಡ್ತಾರೆ ಪುಣ್ಯಾತ್ಮ,” ಎಂದು ಅವಳು ಗೊಣಗುತ್ತಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಆತನ ಫೋನು ಬಂತು.

“ಅಕ್ಕಾ, ಕೂತಿದೀರಾ?”

“ಯಾಕೆ, ನಿಂತ್ರೆ ಬೀಳೋಂಥ ಸುದ್ದೀನಾ?”

“ಮೂರನೇ ಕಾಲಂ ಮರೆ ಮಾಡಿದೀರಿ, ಅಳಿಸಿಲ್ಲ. ಹೆಸರು, ಫೋನ್ ನಂಬರು ಎಲ್ಲಾ ಇದೆ.”

ಅವಳು ತಾನು ಕಳುಹಿಸಿದ್ದ ಕಡತವನ್ನು ತೆರೆದು ನೋಡಿದಳು. ತಾಳೆ ನೋಡುವಾಗ ಅಡ್ಡ ಬರುತ್ತದೆಂದು ಹೆಸರಿನ ಕಾಲಂ ಅನ್ನು ಪರದೆಯಿಂದ ಮರೆಮಾಡಿದ್ದಳು. ಕಣ್ಣಿಗೆ ಕಾಣಲಿಲ್ಲವೆಂದು ಹಾಗೆಯೇ ಕಳುಹಿಸಿಬಿಟ್ಟಿದ್ದಳು.

“ಎಷ್ಟು ಜನ ನೋಡಿದ್ರು?”

“ನಾನೊಬ್ಬನೇ. ಕಂಡ ತಕ್ಷಣ ಆ ಕಾಲಂ ಅಳಿಸಿದೆ. ಆದ್ರೆ ವರದಿ ಬರೀಲೇಬೇಕು, ತಪ್ಪು ತಿಳ್ಕೋಬೇಡಿ.”

“ಬರೀದಿದ್ರೆ ತಪ್ಪು ತಿಳ್ಕೋತಿದ್ದೆ.”

ಇನ್ನು ಪ್ರತಿಯೊಬ್ಬರಿಗೂ ತಿಳಿಸಬೇಕಿತ್ತು. ಐವತ್ತು ಮಂದಿ ಹಿಂದೆ ಸರಿದರೆ ಅಧ್ಯಯನವೇ ನಿಲ್ಲುತ್ತಿತ್ತು. ಪತ್ರ ಹಾಕಿದರೆ ಸಾಕೆಂದರು ಸಂಶೋಧನೆ ನಡೆಸುತ್ತಿದ್ದ ಪ್ರಾಧ್ಯಾಪಕರು. ಬಾಯಲ್ಲಿ ಕೊಟ್ಟ ಮಾತಿಗೆ ಬಾಯಲ್ಲೇ ಉತ್ತರ ಹೇಳುವೆನೆಂದಳು ಅವಳು. ಮೊದಲು ಹೇಳಿದ್ದು ಮನೆಯಲ್ಲಿ, ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಿದ್ದ ಅತ್ತೆಗೆ. ಅವರೂ ಆ ಪಟ್ಟಿಯಲ್ಲಿದ್ದರು.

“ನನ್ನ ಹೆಸರೂ ಹೋಯ್ತೇನೇ?”

“ಹೋಯ್ತು, ಅತ್ತೆ.”

“ಹೋಗ್ಲಿ ಬಿಡು. ನಾನಂತೂ ಎಲ್ಲೂ ಹೋಗ್ಲಿಲ್ಲ, ಅದಾದ್ರೂ ಸುತ್ಕೊಂಡು ಬರ್ಲಿ.”

ಉಳಿದವರಿಗೆ ಫೋನು. ಕೇಳುವವರ ಕಿವಿ ಮಂದವಾದ್ದರಿಂದ ತಪ್ಪೊಪ್ಪಿಗೆಯನ್ನು ಕೂಗಿಯೇ ಹೇಳಬೇಕಾಯಿತು. ಒಂಬತ್ತು ದಿನ ಇಡೀ ವಿಭಾಗ ಅದನ್ನು ಕೇಳಿತು. ಕೆಲವರು ಬೈದರು. ನಿವೃತ್ತ ದರ್ಜಿಯೊಬ್ಬರು ಮಾತ್ರ, “ಕಂಡೋನೂ ಹೇಳ್ದ, ಕಳಿಸಿದೋಳೂ ಹೇಳ್ತಿದೀಯ. ಇನ್ನೇನಮ್ಮಾ ಬೇಕು? ಮುಂದಿನ ಪರೀಕ್ಷೆ ಯಾವತ್ತು?” ಎಂದಾಗ ಅವಳು ಪರೀಕ್ಷೆಯ ದಿನಾಂಕವನ್ನು ಎರಡು ಸಲ ಕೂಗಿ ಹೇಳಿದಳು.

ಕೊನೆಯ ಕರೆ ಮುಗಿಸಿ ಅವಳು ಕಂಪನಿಗೆ ಫೋನು ಮಾಡಿದಳು.

“ಏಳು ಜನ ಬಿಟ್ರು. ಮಿಕ್ಕೋರೆಲ್ಲಾ ಇದಾರೆ. ನಿಮ್ಮಿಂದ ಉಳ್ಕೊಂಡೆ, ದೊಡ್ಡ ಉಪಕಾರ ಆಯ್ತು.”

“ಉಪಕಾರ ಎಲ್ಲಾ ಆಮೇಲೆ, ಅಕ್ಕಾ. ಆ ಏಳು ಜನರ ಅಂಕಿ ನಮ್ಮ ಕಡೆನೂ ಅಳಿಸ್ಬೇಕು. ಅವರ ಕ್ರಮಸಂಖ್ಯೆಯ ನಂಬರು ಕಳಿಸಿ. ನಂಬರು ಮಾತ್ರ!”

ಅವಳು ನಕ್ಕಳು. ಹಳೆಯ ಕಡತವನ್ನು ಮುಟ್ಟದೆ, ಹೊಸ ಹಾಳೆಯೊಂದನ್ನು ತೆರೆದು, ಏಳು ಸಂಖ್ಯೆಗಳನ್ನು ಒಂದೊಂದಾಗಿ ಟೈಪಿಸಿದಳು.