ಸಹಿ ಹಾಕಲಾಗದ ಮಡಿವಾಳಪ್ಪ

ಪೀಣ್ಯ ಎರಡನೇ ಹಂತದ ಮಡಿವಾಳಪ್ಪನಿಗೆ ಬಿಪಿ ಬಂದದ್ದು ಬೇರೆಯವರ ಸಹಿಯಿಂದಲೇ ಎಂದು ಅವನ ಹೆಂಡತಿ ಸಿದ್ದಕ್ಕ ಇಂದಿಗೂ ಹೇಳುತ್ತಾಳೆ. ಸಿಂದಗಿ ಕಡೆಯ ಈ ಮನುಷ್ಯ ಐಟಿಐ ಮುಗಿಸಿ ಬೆಂಗಳೂರಿಗೆ ಬಂದವನು, ಊರಾಚೆಯ ಒಂದು ವಿಮಾನ ತರಬೇತಿ ಶಾಲೆಯ ಶೆಡ್ಡು ಸೇರಿ ಇಪ್ಪತ್ತೊಂದು ವರ್ಷ ಪುಟ್ಟ ವಿಮಾನಗಳನ್ನು ಬಿಚ್ಚಿ ಕಟ್ಟಿದ. ಸದ್ದು ಕೇಳಿಯೇ ಯಾವ ಸಿಲಿಂಡರ್ ಮುನಿಸಿಕೊಂಡಿದೆ ಎಂದು ಹೇಳಬಲ್ಲವನಾಗಿದ್ದ. ಆದರೆ ಕಾನೂನಿನ ಲೆಕ್ಕದಲ್ಲಿ ಅವನು ಯಾರೂ ಅಲ್ಲ. ರಿಪೇರಿ ಮಾಡಬಹುದು, ಅದೂ ಲೈಸೆನ್ಸ್ ಇರುವ ಎಂಜಿನಿಯರ್ ಉಸ್ತುವಾರಿಯಲ್ಲಿ; ‘ಈ ವಿಮಾನ ಹಾರಬಹುದು’ ಎಂದು ಸಹಿ ಹಾಕುವಂತಿಲ್ಲ. ಲೈಸೆನ್ಸಿಗೆ ಪಿಯುಸಿ ವಿಜ್ಞಾನವೋ ಡಿಪ್ಲೊಮಾವೋ ಬೇಕಂತೆ. ಇವನ ಬಳಿ ಎರಡೂ ಇರಲಿಲ್ಲ.

ಲೈಸೆನ್ಸ್ ಇದ್ದದ್ದು ಗುರುರಾಜ್ ಎಂಬ ಮೂವತ್ತರ ಎಂಜಿನಿಯರಿಗೆ. ಮನೆ ಬೆಳ್ಳಂದೂರು. ಮಾರತ್ತಹಳ್ಳಿ ದಾಟುವಷ್ಟರಲ್ಲೇ ಅರ್ಧ ದಿನ ಹೋಗುತ್ತದೆಂದು ವಾರಕ್ಕೆ ಎರಡೇ ಸಲ ಬರುತ್ತಿದ್ದರು. ಉಳಿದ ದಿನಗಳಿಗೆಂದು ಖಾಲಿ ಫಾರಂಗಳಿಗೆ ಮೊದಲೇ ಸಹಿ ಮಾಡಿ ಡ್ರಾಯರಿನಲ್ಲಿ ಇಟ್ಟಿರುತ್ತಿದ್ದರು. ಅದು ತಪ್ಪೆಂದು ಶೆಡ್ಡಿನ ಬೆಕ್ಕಿಗೂ ಗೊತ್ತಿತ್ತು. ಕೆಲಸ ಮಡಿವಾಳಪ್ಪನದು, ವಿವರ ತುಂಬುವವನೂ ಅವನೇ, ಹೆಸರು ಮಾತ್ರ ಅವರದು. ಪ್ರತಿ ಫಾರಂ ತುಂಬುವಾಗಲೂ ಅವನ ಮೈ ಉರಿಯುತ್ತಿತ್ತು.

2012ರ ಫೆಬ್ರವರಿಯ ಒಂದು ಗುರುವಾರ ಮಧ್ಯಾಹ್ನ ಮೂರಕ್ಕೆ ಕಾವ್ಯಾ ಎಂಬ ವಿದ್ಯಾರ್ಥಿನಿಯ ಕೊನೆಯ ಹಾರಾಟ ಪರೀಕ್ಷೆಯಿತ್ತು. ಬೆಳಿಗ್ಗೆ ನೋಡಿದರೆ ವಿಮಾನದ ಕೆಳಗೆ ಎಣ್ಣೆ ತೊಟ್ಟಿಕ್ಕಿತ್ತು. ಮಡಿವಾಳಪ್ಪ ಎಣ್ಣೆಯ ಫಿಲ್ಟರ್ ಬದಲಿಸಿ, ಅದು ಅದುರಿ ಸಡಿಲಾಗದಂತೆ ತಂತಿ ಹೊಸೆದು ಕಟ್ಟಿದ. ಅಷ್ಟು ಹೊತ್ತೂ ಮ್ಯಾನೇಜರ್ ಆವಲಪ್ಪ ತಲೆಯ ಮೇಲೆ ನಿಂತು ‘ಆಯ್ತಾ, ಆಯ್ತಾ’ ಎಂದು ಜೀವ ತಿಂದ.

“ಆಯ್ತ್ರೀ.”

“ಹಂಗಾದ್ರೆ ಬೇಗ ಫಾರಂ ತುಂಬಪ್ಪ.”

ಮಡಿವಾಳಪ್ಪ ಡ್ರಾಯರ್ ಎಳೆದ. ಫಾರಂನ ಕೆಳಗೆ ಗುರುರಾಜರ ಸಹಿ ಹಾಯಾಗಿ ಕೂತಿತ್ತು. ಹಿಂದಿನ ದಿನವಷ್ಟೇ ಅವರು ಯಾರೋ ಅತಿಥಿಗಳ ಮುಂದೆ ಇವನನ್ನು ತೋರಿಸಿ ‘ನಮ್ಮ ಹೆಲ್ಪರ್’ ಎಂದಿದ್ದರು. ಅದು ನೆನಪಾದದ್ದೇ ತಡ, ಪೆನ್ನು ಕೆಳಗಿಟ್ಟ.

“ನಾ ತುಂಬಂಗಿಲ್ರಿ. ಲೈಸೆನ್ಸ್ ಇದ್ದವ್ರು ಬಂದು ನೋಡ್ಲಿ.”

“ತಲೆ ಕೆಟ್ಟಿದ್ಯಾ ನಿಂಗೆ? ಆ ಹುಡ್ಗಿ ಪರೀಕ್ಷೆ ಹೋಗುತ್ತೆ ಕಣೋ!”

ಕಾವ್ಯಾ ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನ ಕರುಳು ಚುರ್ ಎಂದಿತು, ಸುಳ್ಳೇಕೆ. ಆದರೂ ಹಟ ಬಿಡಲಿಲ್ಲ. ಒಂದು ದಿನವಾದರೂ ಆ ಮನುಷ್ಯ ರಿಂಗ್ ರೋಡಿನ ಹೊಗೆ ಕುಡಿದುಕೊಂಡು ಬರಲಿ ಎಂದು ಫೋನ್ ಮಾಡಿಸಿದ.

ಗುರುರಾಜ್ ಎರಡಕ್ಕೆ ಬೆವರೊರೆಸಿಕೊಳ್ಳುತ್ತ ಬಂದರು. “ಇಷ್ಟಕ್ಕೆ ನನ್ನ ಕರೆಸ್ಬೇಕಿತ್ತಾ ಮಡಿವಾಳಪ್ಪ?” ಎಂದು ಗೊಣಗುತ್ತ ಟಾರ್ಚ್ ಹಿಡಿದು ಬಗ್ಗಿದರು. ಇಷ್ಟೇ ತಾನೇ ಇವರ ಘನಂದಾರಿ ಕೆಲಸ ಎಂದು ಮಡಿವಾಳಪ್ಪ ಹಲ್ಲು ಕಡಿದ.

“ಈ ತಂತಿ ಉಲ್ಟಾ ಇದೆಯಲ್ಲ?”

ಮಡಿವಾಳಪ್ಪ ಬಗ್ಗಿ ನೋಡಿದ. ತಂತಿ ಫಿಲ್ಟರನ್ನು ಬಿಗಿಯಾಗುವ ಕಡೆಗೆ ಎಳೆದು ಹಿಡಿಯಬೇಕು. ಇದು ಸಡಿಲಾಗುವ ಕಡೆಗೆ ಎಳೆಯುತ್ತಿತ್ತು. ಮೇಲೆ ಹೋದ ಮೇಲೆ ಫಿಲ್ಟರ್ ಸಡಿಲಾಗಿ, ಎಣ್ಣೆಯೆಲ್ಲ ಸುರಿದು, ಎಂಜಿನ್ ನಿಂತೇ ಹೋಗಬಹುದಿತ್ತು. ಹೊಸಬರಿಗೆ ಮೊದಲ ದಿನ ತಾನೇ ಹೇಳಿಕೊಡುವ ಪಾಠ. ಸಾವಿರ ಸಲ ಕಟ್ಟಿದ ಕೈ. ಎರಡು ಸಲ ನೋಡಿ ತಾನೇ ‘ಆಯ್ತು’ ಎಂದಿದ್ದ.

ಆ ತಂತಿ ಕತ್ತರಿಸಿ ಹೊಸದು ಕಟ್ಟಿದ. ಗುರುರಾಜ್ ಈ ಸಲ ಪಕ್ಕದಲ್ಲೇ ನಿಂತು ನೋಡಿದರು, ಎಂಜಿನ್ ಓಡಿಸಿ ನೋಡಿದರು, ಹೊಸ ಫಾರಂ ತಾವೇ ತುಂಬಿ ಸಹಿ ಹಾಕಿದರು. ಕಾವ್ಯಾ ಹಾರಿ, ಇಳಿದು, ಪಾಸಾದಳು.

ಸಂಜೆ ಆವಲಪ್ಪ ಬಾದೂಷಾ ಹಂಚುತ್ತ, “ನಮ್ ಮಡಿವಾಳಪ್ಪಂಗೆ ನಿಯಮ ಅಂದ್ರೆ ನಿಯಮ ಕಣ್ರೀ” ಎಂದು ಕೊಂಡಾಡಿದ್ದೇ ಕೊಂಡಾಡಿದ್ದು. ಮಡಿವಾಳಪ್ಪನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತು. ಕಾವ್ಯಾ ಹತ್ತಿರ ಬಂದು, “ಅಣ್ಣಾ, ನೀವು ಹಟ ಹಿಡೀದೇ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತೋ” ಎಂದಳು.

ಅವನಿಗೆ ಇನ್ನು ತಡೆಯಲಾಗಲಿಲ್ಲ.

“ತಂಗೀ, ನಾ ನಿನ್ ಸಲುವಾಗಿ ಹಟ ಹಿಡೀಲಿಲ್ಲವ್ವ. ಸಾಹೇಬ್ರ ಮ್ಯಾಲಿನ ಸಿಟ್ಟಿಗೆ ಹಿಡಿದೆ. ನಿನ್ನೆ ಅವ್ರು ನಂಗ ಒಂದ್ ಒಳ್ಳೆ ಮಾತು ಆಡಿದ್ರ, ಆ ಫಾರಂ ನಾನೇ ತುಂಬಿ ನಿನ್ನ ಮ್ಯಾಲ ಕಳಿಸ್ತಿದ್ದೆ.”